ಔಷಧಿಯಮ್ಮನ ಕಾಂಪೌಂಡರು

ಮಾರ್ಚ್ 3, ಸೋಮವಾರ

ಇವಳು ಏನೇನು ಮರೆಯುತ್ತಾಳೆ ಎಂದು ದಿನಾ ಬರೆದಿಡಿ, ಮೂರು ತಿಂಗಳ ಮೇಲೆ ತಂದು ತೋರಿಸಿ ಎಂದು ಡಾಕ್ಟರು ಹೇಳಿದ್ದಾರೆ. ಬರೆದಿಡುವುದು ನನಗೆ ಹೊಸದಲ್ಲ. ಮೂವತ್ತೆಂಟು ವರ್ಷ ಆಸ್ಪತ್ರೆಯ ಔಷಧಿ ಕಿಟಕಿಯ ಹಿಂದೆ ಕೂತು, ಡಾಕ್ಟರುಗಳ ಕಾಗೆ ಕಾಲು ಗುಬ್ಬಿ ಕಾಲು ಬರಹವನ್ನು ಓದಿ, ಮಾತ್ರೆ ಎಣಿಸಿ ಕೊಟ್ಟವನು ನಾನು. ಒಂದು ಸಲವೂ ಒಂದರ ಬದಲು ಇನ್ನೊಂದು ಹೋಗಿದ್ದಿಲ್ಲ. ಹಾಗಾಗಿ ಇದನ್ನೂ ಕ್ರಮವಾಗಿಯೇ ಮಾಡುತ್ತೇನೆ.

ರೋಗಿ: ನನ್ನ ಹೆಂಡತಿ. ವಯಸ್ಸು ಅರವತ್ತೇಳು. ಕಾಯಿಲೆ: ಮರೆವು, ಎರಡು ವರ್ಷದಿಂದ. ಪ್ರತಿದಿನ ಬೆಳಿಗ್ಗೆ ಐದು ಪ್ರಶ್ನೆ.

ಇವತ್ತು ಯಾವ ವಾರ? ತಪ್ಪು. ಯಾವ ತಿಂಗಳು? ತಪ್ಪು. ಮಗಳ ಮನೆ ಎಲ್ಲಿ? ಎರಡು ಬೀದಿ ಆಚೆ ಎಂದಳು, ಸರಿ. ಬೆಳಿಗ್ಗೆ ಏನು ತಿಂದೆ? "ನೀವು ಕೊಟ್ಟಿದ್ದನ್ನ." ಅರ್ಧ ಅಂಕ. ನಾನು ಯಾರು? "ಪ್ರಶ್ನೆ ಕೇಳೋರು."

ಇದಕ್ಕೆ ಅಂಕ ಹೇಗೆ ಕೊಡುವುದೋ ತಿಳಿಯಲಿಲ್ಲ. ಒಟ್ಟು ಒಂದೂವರೆ ಎಂದು ಬರೆದಿದ್ದೇನೆ.

ಮಾರ್ಚ್ 4, ಮಂಗಳವಾರ

ಡಾಕ್ಟರಿಗೆ ಹಿನ್ನೆಲೆ ಗೊತ್ತಿರಲಿ ಎಂದು ಇದನ್ನೂ ಬರೆಯುತ್ತೇನೆ. ರೋಗಿಯೂ ಒಂದು ಥರದ ಡಾಕ್ಟರೇ. ಬೇರು, ತೊಗಟೆ, ಸೊಪ್ಪು, ಬೀಜ. ಸೋದರತ್ತೆಯಿಂದ ಕಲಿತದ್ದು. ಮನೆಯ ಪಕ್ಕದ ಚಿಕ್ಕ ಕೋಣೆಗೆ ಓಣಿ ಕಡೆಗೊಂದು ಬಾಗಿಲಿದೆ. ಅದರ ಮೆಟ್ಟಿಲ ಮೇಲೆ ಜನ ಬಂದು ಕೂರುತ್ತಾರೆ, ಒಬ್ಬೊಬ್ಬರಾಗಿ ಒಳಗೆ ಹೋಗುತ್ತಾರೆ, ಕಾಗದದ ಪೊಟ್ಟಣ ಹಿಡಿದು ಹೊರಗೆ ಬರುತ್ತಾರೆ. ಇಡೀ ಬಡಾವಣೆ ಅವಳನ್ನು ಕರೆಯುವುದು ಔಷಧಿಯಮ್ಮ ಎಂದು. ನನ್ನನ್ನು ಕೇಳಿದರೆ, ಔಷಧಿ ಕೊಟ್ಟವನು ನಾನು, ಹೆಸರು ಬಂದಿದ್ದು ಅವಳಿಗೆ.

ನಾನು ಕೆಲಸದಿಂದ ಬಂದು ಮೆಟ್ಟಿಲ ಮೇಲಿನವರನ್ನು ನೋಡಿ, "ಹಿತ್ತಲ ಗಿಡ ಮದ್ದಲ್ಲ ಅಂತ ಗಾದೆ ಇರೋದು ಗೊತ್ತಿಲ್ವಾ ನಿಮಗೆ?" ಎಂದು ತಮಾಷೆ ಮಾಡುತ್ತಿದ್ದೆ. ಎಲ್ಲರೂ ನಗುತ್ತಿದ್ದರು. ಇವಳೂ ನಗುತ್ತಿದ್ದಳು. ನಮ್ಮ ಮನೆಯಲ್ಲಿ ನಗುವಿಗೆ ಯಾವತ್ತೂ ಬರವಿರಲಿಲ್ಲ.

ಆಶ್ಚರ್ಯವೆಂದರೆ, ವಾರ ತಿಂಗಳು ಮರೆತವಳು ಆ ಕೋಣೆಯಲ್ಲಿ ಏನನ್ನೂ ಮರೆಯುವುದಿಲ್ಲ. ಬಂದವರು ಕೆಮ್ಮು ಎನ್ನುವಷ್ಟರಲ್ಲಿ ಕೈ ಹೋಗಿ ಒಂದು ಡಬ್ಬಿಯ ಮೇಲೆ ಕೂತಿರುತ್ತದೆ. ಡಬ್ಬಿ ನೋಡುವುದೂ ಇಲ್ಲ, ಕಣ್ಣು ರೋಗಿಯ ಮುಖದ ಮೇಲೆಯೇ ಇರುತ್ತದೆ. ಕಾಂಪೌಂಡರನಾಗಿ ಹೇಳುತ್ತೇನೆ, ಇದು ತುಂಬಾ ಅಪಾಯದ ಅಭ್ಯಾಸ. ಯಾವ ಡಬ್ಬಿಗೂ ಚೀಟಿ ಇಲ್ಲ. ಡಾಲ್ಡಾ ಡಬ್ಬಿ, ಬಿಸ್ಕತ್ತಿನ ಡಬ್ಬಿ, ಉಪ್ಪಿನಕಾಯಿ ಜಾಡಿ, ಒಂದರ ಪಕ್ಕ ಇನ್ನೊಂದು, ಸಂತೆಯಲ್ಲಿ ನಿಂತ ಹಾಗೆ. ಇದನ್ನು ಸರಿಮಾಡಬೇಕು.

ಮಾರ್ಚ್ 9, ಭಾನುವಾರ

ಇವತ್ತು ಇವಳನ್ನು ಮಗಳ ಮನೆಗೆ ಬಿಟ್ಟು ಬಂದು, ಬೆಳಗಿನಿಂದ ಸಂಜೆಯವರೆಗೆ ಕೋಣೆ ಸರಿಮಾಡಿದೆ. ಗುರುತು ಸಿಗದ ಪುಡಿಗಳನ್ನು ಚಿಟಿಕೆ ಚಿಟಿಕೆ ಕಾಗದದಲ್ಲಿ ಕಟ್ಟಿ ನಿನ್ನೆಯೇ ಬೇರು ನಾರು ಮಾರುವ ಗ್ರಂಧಿಗೆ ಅಂಗಡಿಗೆ ಒಯ್ದು ಹೆಸರು ಕೇಳಿಕೊಂಡು ಬಂದಿದ್ದೆ. ಒಟ್ಟು ನಲವತ್ತೊಂದು. ಎಲ್ಲವನ್ನೂ ಒಂದೇ ಅಳತೆಯ ಗಾಜಿನ ಬಾಟಲಿಗೆ ಹಾಕಿದೆ. ಬಿಳಿ ಚೀಟಿ, ಕಪ್ಪು ಶಾಯಿ, ದಪ್ಪ ಅಕ್ಷರ. ಹಲಗೆಗಳಿಗೆ ಹೊಸ ಕಾಗದ ಹಾಸಿದೆ. ಮೇಲಿನ ಮೂರು ಸಾಲಿನಲ್ಲಿ ಅಕಾರಾದಿಯಾಗಿ ಅಗಸೆ ಬೀಜದಿಂದ ಸೋನಾಮುಖಿಯವರೆಗೆ. ಕೆಳಗಿನ ಸಾಲು ಎಣ್ಣೆಗಳಿಗೆ. ದೂರ ನಿಂತು ನೋಡಿದರೆ ನನ್ನ ಹಳೆಯ ಔಷಧಿ ಕಿಟಕಿಯೇ ಎದ್ದು ಬಂದಂತಿತ್ತು. ಓದಲು ಬರುವಷ್ಟು ದಿನ ಇವಳಿಗೆ ಸಹಾಯವಾಗುತ್ತದೆ, ಮರೆತರೆ ಓದಿಕೊಳ್ಳಬಹುದು.

ಸಂಜೆ ಬಂದವಳು ಕಪಾಟಿನ ಮುಂದೆ ತುಂಬಾ ಹೊತ್ತು ನಿಂತಳು. ಕೊನೆಗೆ ಅದರತ್ತ ಬೆರಳು ತೋರಿಸಿ, "ಇದು ಯಾರು?" ಎಂದಳು.

ಏನು ಎನ್ನುವ ಕಡೆ ಯಾರು ಎನ್ನುತ್ತಿದ್ದಾಳೆ. ಮಾತು ತಪ್ಪುವುದು ಶುರುವಾಗಿದೆ ಎಂದು ಡಾಕ್ಟರಿಗೆ ಹೇಳಬೇಕು.

ಮಾರ್ಚ್ 14, ಶುಕ್ರವಾರ

ಐದಕ್ಕೆ ಅರ್ಧ.

ಒಂದೇ ವಾರದಲ್ಲಿ ಕಾಯಿಲೆ ಎಷ್ಟು ಜೋರಾಗಿ ಏರಿದೆ ಎಂದರೆ ಕೋಣೆಯೊಳಗೂ ಬಂದುಬಿಟ್ಟಿದೆ. ಎದುರು ಮನೆಯ ಟೀಚರಮ್ಮ ಗಂಟಲು ನೋವೆಂದು ಬಂದು ಮುಕ್ಕಾಲು ಗಂಟೆ ಕೂತರು. ಇವಳ ಕೈ ಮೇಲೆ ಹೋಗುತ್ತದೆ, ಅರ್ಧದಲ್ಲಿ ನಿಲ್ಲುತ್ತದೆ, ಕೆಳಗೆ ಬರುತ್ತದೆ. ಚೀಟಿ ಓದು ಎಂದೆ. "ಶುಂಠಿ" ಎಂದು ಸ್ಪಷ್ಟವಾಗಿ ಓದಿದಳು. ಓದಿ ಅಲ್ಲಿಯೇ ಇಟ್ಟಳು. ಟೀಚರಮ್ಮ ನಾಳೆ ಬರ್ತೀನಿ ಬಿಡಿ ಎಂದು ಎದ್ದು ಹೋದರು. ಚೀಟಿ ಅಂಟಿಸಿದ್ದು ಎಷ್ಟು ಒಳ್ಳೆಯದಾಯಿತು. ಅದೂ ಇಲ್ಲದಿದ್ದರೆ ಏನು ಗತಿ.

ಮಾರ್ಚ್ 18, ಮಂಗಳವಾರ

ಬರೆಯಲು ಕೈ ಬರುತ್ತಿಲ್ಲ. ಆದರೂ ಬರೆಯಬೇಕು.

ನಾನು ನಿನ್ನೆ ಇವಳ ಮಾತ್ರೆ ತರಲು ಹೋಗಿದ್ದಾಗ ಮೂಲೆಯ ಇಸ್ತ್ರಿ ಅಂಗಡಿಯವನು ಬಂದಿದ್ದನಂತೆ. ಎರಡು ದಿನದಿಂದ ಭೇದಿ. ಅದಕ್ಕೆ ಇವಳು ಯಾವಾಗಲೂ ಕೊಡುವುದು ದಾಳಿಂಬೆ ಸಿಪ್ಪೆಯ ಪುಡಿ. ನಿನ್ನೆ ಕೊಟ್ಟಿದ್ದು ಸೋನಾಮುಖಿ. ಒಂದು ಹೊಟ್ಟೆಯನ್ನು ಹಿಡಿಯುವುದು, ಇನ್ನೊಂದು ಬಿಡಿಸುವುದು. ಮೊದಲೇ ನೀರಾಗಿದ್ದ ಮನುಷ್ಯನಿಗೆ ಮೂರು ಹೊತ್ತು ಭೇದಿ ಮಾಡಿಸುವ ಮದ್ದು ಕೊಟ್ಟ ಹಾಗಾಯಿತು. ಇವತ್ತು ಬೆಳಿಗ್ಗೆ ಅಂಗಡಿಯ ಮೇಜಿನ ಪಕ್ಕದಲ್ಲೇ ಕುಸಿದು ಬಿದ್ದಿದ್ದಾನೆ. ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿದ್ದಾರೆ.

ಉಳಿದಿದ್ದ ಪೊಟ್ಟಣವನ್ನು ಅವನ ಹೆಂಡತಿ ತಂದು ನನ್ನ ಮುಂದೆ ಬಿಚ್ಚಿದಳು. ಮೂಸಿ ನೋಡಿದೆ. ಅನುಮಾನವೇ ಇಲ್ಲ. ಇವಳು ಕುರ್ಚಿಯಲ್ಲಿ ಕೂತು ನಮ್ಮಿಬ್ಬರನ್ನೂ ಸೌಜನ್ಯದಿಂದ ನೋಡುತ್ತಿದ್ದಳು. ಆಮೇಲೆ ಅವಳನ್ನು, "ಕೂತ್ಕೋಮ್ಮ, ಏನಾಗ್ತಿದೆ?" ಎಂದು ಕೇಳಿದಳು. ಇಸ್ತ್ರಿಯವನ ಹೆಂಡತಿ ಪೊಟ್ಟಣವನ್ನು ಅಲ್ಲೇ ಬಿಟ್ಟು ಹೋದಳು.

ಮಾರ್ಚ್ 21, ಶುಕ್ರವಾರ

ಇಸ್ತ್ರಿಯವನ ಜೀವಕ್ಕೆ ಅಪಾಯವಿಲ್ಲ. ಇನ್ನೆರಡು ದಿನಕ್ಕೆ ಮನೆಗೆ ಕಳಿಸುತ್ತಾರೆ. ಮೂತ್ರಪಿಂಡಕ್ಕೆ ಏಟು ಬೀಳುವುದು ಸ್ವಲ್ಪದರಲ್ಲಿ ತಪ್ಪಿತು ಎಂದು ಮಗಳು ಹೇಳಿದಳು. ಮಗಳು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ. ಅವನ ರಿಪೋರ್ಟು ಅವಳ ಕೈಯಿಂದಲೇ ಹಾದು ಹೋಗಿದೆ. ನನ್ನ ಹಾಗೆಯೇ ಖಡಾಖಂಡಿತ ಸ್ವಭಾವ. ಆ ಕೋಣೆಗೆ ಬೀಗ ಹಾಕಿ ಅಪ್ಪ, ಇನ್ನೊಂದು ದಿನವೂ ಬೇಡ ಎಂದಳು. ಹಾಕಿದೆ.

ಔಷಧಿಯಮ್ಮನ ಕೈಗುಣ ಹೋಯಿತು ಎಂದು ಬೀದಿಯಲ್ಲಿ ಮಾತಾಡುತ್ತಿದ್ದಾರೆ. ಹಾಲಿನ ಅಂಗಡಿಯಲ್ಲಿ ನನ್ನನ್ನು ನೋಡಿ ಮಾತು ನಿಲ್ಲಿಸಿದರು. ಏನು ಮಾಡುವುದು, ಕಾಯಿಲೆಯ ಸ್ವಭಾವವೇ ಅಂಥದ್ದು. ಯಾರ ತಪ್ಪೂ ಅಲ್ಲ.

ಮಾರ್ಚ್ 27, ಗುರುವಾರ

ಮೆಟ್ಟಿಲು ಖಾಲಿ. ಇವಳು ಬೆಳಿಗ್ಗೆ ಹತ್ತಕ್ಕೆ ಸೀರೆ ಬದಲಿಸಿ, ತಲೆ ಬಾಚಿಕೊಂಡು, ಬೀಗದ ಮುಂದೆ ಬಂದು ನಿಲ್ಲುತ್ತಾಳೆ. ಬೀಗ ಹಿಡಿದು ನೋಡುತ್ತಾಳೆ. ಜಗ್ಗುವುದಿಲ್ಲ, ಕೂಗುವುದಿಲ್ಲ. ಹನ್ನೊಂದಕ್ಕೆ ಹಿಂದೆ ಬಂದು ಕುರ್ಚಿಯಲ್ಲಿ ಕೂರುತ್ತಾಳೆ. ದಿನವೂ ಇಷ್ಟೇ.

ಐದಕ್ಕೆ ಸೊನ್ನೆ. ಮೂರನೇ ಪ್ರಶ್ನೆ ಕೇಳುವಾಗ ನನಗೇ ಬೇಸರವಾಯಿತು.

ಏಪ್ರಿಲ್ 2, ಬುಧವಾರ

ಬರೆಯುವಂಥದ್ದು ಏನೂ ಇಲ್ಲ. ಇವತ್ತೂ ಬಾಚಿಕೊಂಡಳು.

ಏಪ್ರಿಲ್ 5, ಶನಿವಾರ

ಮಧ್ಯಾಹ್ನ ಓಣಿಯಲ್ಲಿ ಯಾರೋ ಕೆಮ್ಮುತ್ತಾ ಹೋದರು. ಅರೆನಿದ್ದೆಯಲ್ಲಿದ್ದ ಇವಳು ಥಟ್ಟನೆ ಎದ್ದು, ಅಡುಗೆಮನೆಯ ತಟ್ಟೆ ಲೋಟ ಇಡುವ ಗೂಡಿನ ಮುಂದೆ ನಿಂತು, ಎದೆಯ ಎತ್ತರಕ್ಕೆ ಕೈ ಹಾಕಿ, ಎಡಗಡೆಯಿಂದ ಮೂರನೆಯದನ್ನು ತೆಗೆದಳು. ಅದು ಲೋಟ. ಅದರ ಮುಚ್ಚಳ ತೆಗೆಯಲು ನೋಡಿದಳು.

ಸ್ವಲ್ಪ ಹೊತ್ತಾದ ಮೇಲೆ ನಾನು, ಯಾಕೆ ಎಂದು ಈಗಲೂ ಹೇಳಲಾರೆ, ಹೊಟ್ಟೆ ಸರಿ ಇಲ್ಲ, ಭೇದಿ ಎಂದು ಸುಳ್ಳು ಹೇಳಿದೆ. ಮತ್ತೆ ಎದ್ದಳು. ಈ ಸಲ ಕೈ ಸೊಂಟದ ಎತ್ತರಕ್ಕೆ, ಬಲಗಡೆ ಕಟ್ಟಕಡೆಗೆ ಹೋಯಿತು. ಒಂದಿಷ್ಟೂ ತಡವರಿಸಲಿಲ್ಲ.

ಬೀಗ ತೆಗೆದು ಕೋಣೆಗೆ ಹೋದೆ. ಅವಳು ನಿಲ್ಲುವ ಜಾಗದಲ್ಲಿ ನಿಂತು, ಸೊಂಟದ ಎತ್ತರಕ್ಕೆ ಬಲಗಡೆ ಕಟ್ಟಕಡೆಗೆ ಕೈ ಹಾಕಿದೆ. ಮೂರನೇ ಸಾಲಿನ ಕೊನೆಯ ಬಾಟಲಿ ಕೈಗೆ ಬಂತು. ಬಿಳಿ ಚೀಟಿ, ಕಪ್ಪು ಶಾಯಿ, ದಪ್ಪ ಅಕ್ಷರ. ಸೋನಾಮುಖಿ. ನನ್ನದೇ ಬರಹ.

ಕೈ ಸರಿಯಾಗಿಯೇ ಹೋಗಿತ್ತು. ಅಲ್ಲಿ ಇರಬೇಕಾದ ದಾಳಿಂಬೆ ಸಿಪ್ಪೆಯನ್ನು ಇರದ ಹಾಗೆ ಮಾಡಿದವನು ನಾನು.

ಏಪ್ರಿಲ್ 6, ಭಾನುವಾರ

ಯಾರಿಗೂ ಹೇಳಿಲ್ಲ. ಹೇಳಿದರೆ ಇಸ್ತ್ರಿಯವನಿಗೆ ಹೋದ ಶಕ್ತಿ ಬರುತ್ತದೆಯೇ? ಮೂಸಿ ನೋಡಿದ್ದರೆ ಇವಳಿಗೇ ಗೊತ್ತಾಗುತ್ತಿತ್ತು. ಮೊದಲೆಲ್ಲ ಪ್ರತಿಯೊಂದನ್ನೂ ಮೂಸುತ್ತಿದ್ದಳು, ಈಚೆಗೆ ಬಿಟ್ಟಿದ್ದಾಳೆ. ಹಾಗಾಗಿ ಕಾಯಿಲೆಯ ಪಾಲೂ ಇದೆ. ಅರ್ಧಕ್ಕಿಂತ ಹೆಚ್ಚೇ ಇದೆ.

ಹಾಲಿನ ಅಂಗಡಿಯವನು, ಏನ್ ಸಾರ್ ನಿನ್ನೆಯಿಂದ ಮಂಕಾಗಿದೀರಿ ಎಂದ. ನಾನೇನು ಮಾಡಿದೆ ಎಂದು ಜಗಳಕ್ಕೇ ಹೋದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ.

ಏಪ್ರಿಲ್ 10, ಗುರುವಾರ

ಮಗಳು ಒಂದು ಕಾಗದ ತಂದಿದ್ದಳು. ಊರಾಚೆ ಇಂಥವರನ್ನು ನೋಡಿಕೊಳ್ಳುವ ಒಂದು ಕೇಂದ್ರವಿದೆಯಂತೆ. ಅಮ್ಮನನ್ನು ಮನೆಯಲ್ಲಿ ಇಟ್ಟುಕೊಳ್ಳುವುದು ಇನ್ನು ಕಷ್ಟ, ನಿಮ್ಮ ಕಣ್ಣು ತಪ್ಪಿಸಿ ಯಾರಿಗೆ ಏನು ಕೊಡುತ್ತಾಳೋ ಎಂದಳು. ನಾನು ಹೂಂ ಎನ್ನುತ್ತಲೇ ಇದ್ದೆ. ಮಗಳು ತಾಯಿಯ ಕಡೆ ನೋಡಿ ಮೆಲ್ಲಗೆ, "ಸ್ವಲ್ಪದರಲ್ಲಿ ಒಬ್ಬರನ್ನ ಸಾಯಿಸಿಬಿಡ್ತಿದ್ಲು ಅಪ್ಪ" ಎಂದಳು.

ಇವಳು ಹೊರಗೆ ನೋಡುತ್ತಾ ಕೂತಿದ್ದಳು. ಬಾಚಿದ ತಲೆ, ಮಡಿಚಿದ ಸೀರೆಯ ಸೆರಗು, ಮಡಿಲಲ್ಲಿ ಎರಡು ಕೈ. ತನ್ನ ಮೇಲೆ ಬಂದ ಮಾತಿಗೆ ಎದುರು ಹೇಳಲು ಅವಳ ಹತ್ತಿರ ಏನೂ ಇರಲಿಲ್ಲ. ಇದ್ದದ್ದು ನನ್ನ ಹತ್ತಿರ.

ಅಮ್ಮ ಅಲ್ಲ, ನಾನು ಎಂದೆ. ಎಲ್ಲ ಹೇಳಿದೆ, ಅಕಾರಾದಿ, ಚೀಟಿ, ಲೋಟ, ಎಲ್ಲ. ಮಗಳು ನನ್ನನ್ನು ಬಯ್ಯುತ್ತಾಳೆ ಎಂದುಕೊಂಡಿದ್ದೆ. ಅವಳು ಕಾಗದವನ್ನು ನಾಲ್ಕಾಗಿ ಮಡಿಸಿ ಚೀಲಕ್ಕೆ ಹಾಕಿಕೊಂಡು, "ನನಗೆ ಹೇಳಿ ಏನು ಬಂತು ಅಪ್ಪ? ಹೇಳಬೇಕಾದವರಿಗೆ ಹೇಳಿ" ಎಂದಳು.

ಏಪ್ರಿಲ್ 12, ಶನಿವಾರ

ಇಸ್ತ್ರಿ ಅಂಗಡಿಗೆ ಹೋಗಿದ್ದೆ. ಅವನು ಹಿಂದೆ ಸ್ಟೂಲಿನ ಮೇಲೆ ಗೋಡೆಗೆ ಒರಗಿ ಕೂತಿದ್ದ. ಇನ್ನೂ ನಿಂತು ಕೆಲಸ ಮಾಡುವಷ್ಟು ತ್ರಾಣ ಬಂದಿಲ್ಲ. ಹೆಂಡತಿ ಇಸ್ತ್ರಿ ಹಾಕುತ್ತಿದ್ದಳು. ಬಟ್ಟೆ ಕೊಡಲು ಬಂದ ಇಬ್ಬರು ನಿಂತಿದ್ದರು. ಅವರು ಹೋಗಲಿ ಎಂದು ಕಾದೆ. ಆಮೇಲೆ, ಬೈಗುಳ ನನ್ನ ಹೆಂಡತಿಗೆ ನಾಲ್ಕು ಜನರ ಮುಂದೆ ಬಿದ್ದಿದೆ, ನನ್ನ ತಪ್ಪು ಮಾತ್ರ ಗುಟ್ಟಾಗಿ ಯಾಕೆ ಎಂದುಕೊಂಡು ಅವರೆದುರೇ ಹೇಳಿದೆ. ಔಷಧಿಯಮ್ಮನ ಕೈ ತಪ್ಪಲಿಲ್ಲ, ಡಬ್ಬಿಗಳನ್ನು ಅದಲುಬದಲು ಮಾಡಿದವನು ನಾನು, ಗೊತ್ತಾದ ಮೇಲೂ ಒಂದು ವಾರ ಬಾಯಿ ಮುಚ್ಚಿಕೊಂಡಿದ್ದವನೂ ನಾನೇ.

ಇಸ್ತ್ರಿಪೆಟ್ಟಿಗೆ ನಿಲ್ಲಲಿಲ್ಲ. ಅಂಗಿಯ ಒಂದು ತೋಳು ಮುಗಿಸಿ, ಇನ್ನೊಂದು ತೋಳು ಮುಗಿಸಿ, ಆಮೇಲೆ ಅವನ ಹೆಂಡತಿ ತಲೆಯೆತ್ತಿದಳು.

"ಮೂರು ವಾರದಿಂದ ಆಯಮ್ಮನ್ನ ಬಾಯಿಗೆ ಬಂದ ಹಾಗೆ ಬೈದಿದೀನಿ ಸಾರ್. ನನ್ನ ಎರಡು ಬಾಣಂತನಕ್ಕೂ ಔಷಧಿ ಕೊಟ್ಟ ಕೈ ಅದು. ಬೈದಿದ್ದನ್ನ ಈಗ ಎಲ್ಲಿಂದ ವಾಪಸ್ ತರ್ಲಿ?"

ಅವನು ಗೋಡೆಯ ಕಡೆಗೆ ತಿರುಗಿ ಕೂತ. ನಾನು ಹೊರಟಾಗ ಹೋಗ್ಬನ್ನಿ ಎಂದೂ ಹೇಳಲಿಲ್ಲ.

ಏಪ್ರಿಲ್ 20, ಭಾನುವಾರ

ಈ ವಾರ ಮನೆ ಮನೆ ತಿರುಗಿದೆ. ಡಬ್ಬಿಗಳು ಮೊದಲು ಎಲ್ಲೆಲ್ಲಿ ಇದ್ದವು ಎಂದು ನನಗೆ ನೆನಪಿಲ್ಲ. ನೋಡಿಯೇ ಇರಲಿಲ್ಲ. ನಲವತ್ತು ವರ್ಷ ಆ ಕೋಣೆಯಲ್ಲಿ ಇಣುಕಿ ತಮಾಷೆ ಮಾಡಿ ಬಂದವನಿಗೆ ಕಪಾಟು ಕಂಡಿರಲಿಲ್ಲ. ಇವಳನ್ನು ಕೇಳಿದರೆ ಮಾತಿನಲ್ಲಿ ಹೇಳಲಾರಳು. ಹಾಗಾಗಿ ಔಷಧಿ ತೆಗೆದುಕೊಂಡವರನ್ನೇ ಕೇಳಿದೆ: ನಿಮಗೆ ಕೊಡುವಾಗ ಅವಳ ಕೈ ಎಲ್ಲಿಗೆ ಹೋಗುತ್ತಿತ್ತು? ಯಾಕೆ ಕೇಳುತ್ತಿದ್ದೀರಿ ಎನ್ನುತ್ತಿದ್ದರು. ಪ್ರತಿ ಮನೆಯಲ್ಲೂ ಮೊದಲಿನಿಂದ ಹೇಳಬೇಕಾಯಿತು. ಮಾಡಿದ್ದುಣ್ಣೋ ಮಹರಾಯ. ಹದಿನೇಳನೇ ಮನೆಯ ಹೊತ್ತಿಗೆ ನಾಚಿಕೆ ಸವೆದು, ಮಾತು ಚಿಕ್ಕದಾಗಿತ್ತು.

ಜನಕ್ಕೆ ಎಷ್ಟು ಚೆನ್ನಾಗಿ ನೆನಪಿದೆ! ಟೀಚರಮ್ಮ ಎದ್ದು ನಿಂತು, ಇಲ್ಲಿ, ಭುಜದ ಕೆಳಗೆ, ಎಡಗಡೆ ಎಂದು ತಮ್ಮ ಮೈ ಮೇಲೆಯೇ ತೋರಿಸಿದರು. ಬಸ್ಸಿನ ಡ್ರೈವರು ಮಂಡಿ ಎಣ್ಣೆಗೆ ಅಮ್ಮ ಬಗ್ಗುತ್ತಿದ್ದರು, ನೆಲದ ಹತ್ತಿರ ಎಂದ. ತಲೆನೋವಿನ ಮುದುಕಿಯೊಬ್ಬಳು, ನನಗೆ ಅಂದ್ರೆ ಮಣೆ ಹತ್ತೋಳು ಎಂದಳು. ಮನೆಗೆ ಬಂದು ಹಾಸಿದ್ದ ಕಾಗದ ಕಿತ್ತು ನೋಡಿದರೆ, ಹಲಗೆಗಳ ಮೇಲೆ ಹಳೆಯ ಡಬ್ಬಿಗಳ ತಳದ ಗುಂಡು ಗುರುತುಗಳು ಹಾಗೆಯೇ ಇದ್ದವು. ಅಳತೆ ನೋಡಿ ಡಬ್ಬಿ ಕೂರಿಸಿದೆ. ಪುಣ್ಯಕ್ಕೆ ಹಳೆಯ ಡಬ್ಬಿಗಳನ್ನು ಎಸೆದಿರಲಿಲ್ಲ.

ಮುಕ್ಕಾಲು ಭಾಗ ಮುಗಿದ ಮೇಲೆ ಹಿಂದೆ ಸರಿದು ನೋಡಿದೆ. ಮೇಲಿನ ಸಾಲು ತಲೆನೋವು, ಕಣ್ಣುರಿ, ನಿದ್ದೆ. ಎರಡನೆಯದು ಗಂಟಲು, ಕೆಮ್ಮು, ಎದೆ. ಮೂರನೆಯದು ಹೊಟ್ಟೆ, ಒಂದು ತುದಿಗೆ ಬಿಡಿಸುವುದು, ಇನ್ನೊಂದು ತುದಿಗೆ ಹಿಡಿಯುವುದು. ಕೆಳಗೆ ಮಂಡಿ, ಪಾದ, ಹಿಮ್ಮಡಿ. ಕಪಾಟು ಒಬ್ಬ ಮನುಷ್ಯನ ಹಾಗೆ ನಿಂತಿತ್ತು. ನಾನು ಅವನನ್ನು ಅಕ್ಷರಮಾಲೆಯಲ್ಲಿ ಕತ್ತರಿಸಿ ಹಂಚಿದ್ದೆ. ಇದು ಯಾರು ಎಂದು ಅವಳು ಕೇಳಿದ್ದು ಸರಿಯಾದ ಪ್ರಶ್ನೆ. ಅಂಕ ಕೊಡಬೇಕಾಗಿದ್ದು ಅದಕ್ಕೆ.

ಏಪ್ರಿಲ್ 22, ಮಂಗಳವಾರ

ಕೋಣೆಯೊಳಗೆ ಕರೆದುಕೊಂಡು ಹೋದೆ. ಕಪಾಟನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. ಎರಡನೇ ಸಾಲಿನಲ್ಲಿ ಎರಡು ಡಬ್ಬಿಗಳನ್ನು ಆಚೀಚೆ ಬದಲಿಸಿದಳು. ಆಮೇಲೆ ಕುರ್ಚಿ ಎಳೆದುಕೊಂಡು ಕೂತಳು. ನಾನು ಹೊರಗೆ ಬಂದು ಸ್ವಲ್ಪ ಅತ್ತೆ.

ಮೇ 6, ಮಂಗಳವಾರ

ಕೋಣೆ ಮತ್ತೆ ತೆರೆಯಲು ಮಗಳು ಷರತ್ತಿನ ಮೇಲೆ ಒಪ್ಪಿದ್ದಾಳೆ. ಇಬ್ಬರೂ ಕೂತು ಪಟ್ಟಿ ಮಾಡಿದೆವು. ಸೋನಾಮುಖಿ, ಹರಳೆಣ್ಣೆ, ಇನ್ನೂ ಒಂಬತ್ತು, ಹೆಚ್ಚಾದರೆ ತೊಂದರೆ ಕೊಡುವುದೆಲ್ಲ ಮನೆಯಿಂದ ಆಚೆ ಹೋಯಿತು. ಆ ಡಬ್ಬಿಗಳ ಜಾಗದಲ್ಲಿ ಅದೇ ಡಬ್ಬಿಗಳು, ಒಳಗೆ ಸೋಂಪು, ಒಣ ಪುದೀನ, ಇಂಥವು. ದೊಡ್ಡ ಕಾಯಿಲೆಯವರು, ಮಕ್ಕಳು, ಬಸುರಿಯರು ಬಂದರೆ ಮೆಟ್ಟಿಲಿನಿಂದಲೇ ಆಸ್ಪತ್ರೆಗೆ. ಮತ್ತೆ, ಒಂದು ಪೊಟ್ಟಣವೂ ನನ್ನ ಕೈ ದಾಟದೆ ಹೊರಗೆ ಹೋಗಕೂಡದು.

ಹಾಗಾಗಿ ನಾನೀಗ ಮೆಟ್ಟಿಲ ಮೇಲೆ ಸ್ಟೂಲು ಹಾಕಿಕೊಂಡು ಕೂರುತ್ತೇನೆ. ಅವಳು ಕೊಡುತ್ತಾಳೆ, ನಾನು ಬಿಚ್ಚಿ, ಮೂಸಿ, ಸರಿ ಇದ್ದರೆ ಕಟ್ಟಿ ಕೊಡುತ್ತೇನೆ, ಇಲ್ಲವೆಂದರೆ ಸದ್ದಿಲ್ಲದೆ ಬದಲಿಸುತ್ತೇನೆ. ಡಾಕ್ಟರುಗಳು ಬರೆದದ್ದನ್ನು ನೋಡಿ ಕೊಡುವುದೇ ತಾನೇ ಕಾಂಪೌಂಡರನ ಕೆಲಸ. ನಿವೃತ್ತಿಯಾಗಿ ಎಂಟು ವರ್ಷವಾದ ಮೇಲೆ ಮತ್ತೆ ಕೆಲಸ ಸಿಕ್ಕಿದೆ, ಡಾಕ್ಟರು ಮಾತ್ರ ಬದಲಾಗಿದ್ದಾರೆ.

ಮೊದಲ ದಿನ ಬಂದದ್ದು ಟೀಚರಮ್ಮ ಒಬ್ಬರೇ.

ಮೇ 22, ಗುರುವಾರ

ಇವತ್ತು ಆರು ಜನ. ಹತ್ತಕ್ಕೆ ಮೂರು ತಪ್ಪು ಕೊಡುತ್ತಾಳೆ. ಮೊದಲ ವಾರ ಎರಡಿತ್ತು. ಜನಕ್ಕೂ ಗೊತ್ತು. ಬಾಗಿಲಾಚೆ ಬಂದು ಪೊಟ್ಟಣ ನನ್ನ ಮುಂದೆ ಹಿಡಿಯುತ್ತಾರೆ, ನಾನು ಬದಲಿಸಿದರೂ ಒಳಗೆ ಕೇಳುವ ಹಾಗೆ, ಬರ್ತೀನಮ್ಮ ಎಂದು ಹೇಳಿ ಹೋಗುತ್ತಾರೆ.

ಮೊನ್ನೆ ಡ್ರೈವರು ತಲೆನೋವು ಎಂದು ಬಂದಿದ್ದ. ಇವಳು ಕೆಮ್ಮಿನ ಪುಡಿ ಕೊಟ್ಟಿದ್ದಳು. ಬದಲಿಸಿದೆ. ಇವತ್ತು ಅವನು ಗೂರುತ್ತಾ ಕೆಮ್ಮುತ್ತಾ ಬಂದು, ಸಾರ್, ಅಮ್ಮ ಕೊಟ್ಟಿದ್ದನ್ನೇ ಕೊಡಿ ಎಂದ. ಮೊನ್ನೆಯೇ ಅವನ ಉಸಿರಿನಲ್ಲಿ ಅವಳಿಗೆ ಏನೋ ಕೇಳಿಸಿರಬೇಕು. ನನಗೆ ಕೇಳಿಸಿದ್ದು ಅವನು ಹೇಳಿದ್ದಷ್ಟೇ. ಇನ್ನು ಮೇಲೆ ನಾನೂ ಬಂದವರ ಮುಖ ನೋಡುವುದನ್ನು ಅಭ್ಯಾಸ ಮಾಡಬೇಕು. ಕಿಟಕಿಯ ಹಿಂದೆ ಕೂತಷ್ಟು ವರ್ಷ ನನಗೆ ಕಂಡಿದ್ದು ಬರೀ ಕೈಗಳು.

ನನ್ನ ಗುರುತು ಅವಳಿಗೆ ಒಂದು ದಿನ ಇರುತ್ತದೆ, ಮೂರು ದಿನ ಇರುವುದಿಲ್ಲ. ಸ್ನಾನ ಮಾಡಿಸುವಾಗ ಸಂಕೋಚ ಪಡುತ್ತಾಳೆ. ಕಣ್ಣು ಮುಚ್ಚಿಕೊಳ್ಳುತ್ತೇನೆ ಎಂದರೆ ಒಪ್ಪುತ್ತಾಳೆ. ಮುಚ್ಚಿಕೊಂಡೇ ನೀರು ಹಾಕುತ್ತೇನೆ, ಅರ್ಧ ನನ್ನ ಮೇಲೆಯೇ ಬೀಳುತ್ತದೆ.

ಜೂನ್ 3, ಮಂಗಳವಾರ

ಡಾಕ್ಟರ ಹತ್ತಿರ ಹೋಗುವ ದಿನ. ಪುಸ್ತಕ ಕೇಳಿದರು. ಮನೆಯಲ್ಲಿ ಮರೆತು ಬಂದೆ ಎಂದೆ. ಚೀಲದಲ್ಲೇ ಇತ್ತು. ಅವರಿಗೆ ಉಪಯೋಗವಾಗುವಂಥದ್ದು ಇದರಲ್ಲಿ ಏನೂ ಇಲ್ಲ.

ಕಾಯಿಲೆ ಮುಂದುವರಿಯುತ್ತಿದೆ ಎಂದರು. ನಿಲ್ಲಿಸುವ ಮದ್ದು ತಮ್ಮ ಹತ್ತಿರ ಇಲ್ಲ ಎಂದೂ ಹೇಳಿದರು. ಕಪಾಟಿನಲ್ಲೂ ಇಲ್ಲ. ಇದ್ದಿದ್ದರೆ ಅವಳು ಯಾವತ್ತೋ ಮೇಲಿನ ಸಾಲಿಗೆ ಕೈ ಹಾಕಿರುತ್ತಿದ್ದಳು.

ಜೂನ್ 8, ಭಾನುವಾರ

ಇಸ್ತ್ರಿಯವನು ಬಂದ.

ಬೀದಿ ತಿರುವಿನಲ್ಲಿ ಅವನನ್ನು ಕಂಡಾಗಲೇ ನಾನು ಸ್ಟೂಲಿನಿಂದ ಎದ್ದೆ. ಹೆಂಡತಿ ಕಳಿಸಿದ್ಲು ಎಂದ, ನನ್ನ ಮುಖ ನೋಡದೆ. ಇಸ್ತ್ರಿಪೆಟ್ಟಿಗೆ ತಗಲಿ ಹೆಬ್ಬೆರಳು ಸುಟ್ಟುಕೊಂಡಿದ್ದ. ಒಳಗೆ ಹೋಗಿ ಕೂತ. ಇವಳಿಗೆ ಅವನು ಯಾರೆಂದು ಗೊತ್ತಿರಲಿಲ್ಲ, ನಡೆದದ್ದೂ ಗೊತ್ತಿರಲಿಲ್ಲ. ಕೈ ಹಿಡಿದು ತಿರುಗಿಸಿ ನೋಡಿ, ಕುಂಡದಲ್ಲಿನ ಲೋಳೆಸರ ಮುರಿದು ತಿರುಳು ಹಚ್ಚಿದಳು. ಆಮೇಲೆ ಅವನ ಮುಖ ನೋಡಿ, "ತುಂಬಾ ಸೋತಿದೀಯಲ್ಲಪ್ಪ, ಏನಾಗಿತ್ತು?" ಎಂದಳು.

ಹೊರಗೆ ಕೂತಿದ್ದ ನಾನು ಬಾಗಿಲ ಕಡೆ ಬಗ್ಗಿದೆ. ಅವನು ಹೆಬ್ಬೆರಳನ್ನೇ ನೋಡುತ್ತಾ, "ಹೊಟ್ಟೆ ಕೆಟ್ಟಿತ್ತಮ್ಮ. ಈಗ ಸರಿ ಹೋಗಿದೆ" ಎಂದ.

ಊಟದ ಮೇಲೆ ತಗೊಳ್ಳಲಿಕ್ಕೆ ಒಂದು ಪೊಟ್ಟಣವನ್ನೂ ಕೊಟ್ಟಳು. ಹೊರಗೆ ಬಂದು ನನ್ನ ಮುಂದೆ ಬಿಚ್ಚಿದ. ಸೋಂಪು ಎಂದೆ. ಇನ್ನೊಂದ್ಸಲ ನೋಡಿ ಎಂದ. ನೋಡಿದೆ. ಇನ್ನೊಂದು ಸಲ ಎಂದ. ಮೂರನೇ ಸಲವೂ ಮೂಸಿ, ಸೋಂಪು ಎಂದೆ. ಆಗ ಕಟ್ಟಿ ಜೇಬಿಗೆ ಹಾಕಿಕೊಂಡ. ಹೋಗುವಾಗ, ಬಟ್ಟೆ ಇದ್ರೆ ಕಳಿಸಿ ಸಾರ್ ಎಂದ. ಸಂಜೆಗೆ ಒಗೆದದ್ದು ಒಗೆಯದ್ದು ಎಲ್ಲ ಒಟ್ಟು ಮಾಡಿ ಕಳಿಸಿದೆ.

ಜೂನ್ 14, ಶನಿವಾರ

ಇವತ್ತು ಯಾರೂ ಬರಲಿಲ್ಲ. ಮಧ್ಯಾಹ್ನ ನಾಲ್ಕರ ಹೊತ್ತಿಗೆ ನಾನು ಸ್ಟೂಲಿನ ಮೇಲೆ ತೂಕಡಿಸುತ್ತಿದ್ದೆ. ಇವಳು ಬಾಗಿಲ ಹತ್ತಿರ ಬಂದು, ಯಾಕೆ ಹೊರಗೇ ಕೂತಿದೀರಿ, ಒಳಗೆ ಬನ್ನಿ ಎಂದು ಕರೆದಳು. ಹೋಗಿ ರೋಗಿಗಳ ಕುರ್ಚಿಯಲ್ಲಿ ಕೂತೆ. ಇಷ್ಟು ವರ್ಷದಲ್ಲಿ ಆ ಕುರ್ಚಿಯಲ್ಲಿ ಕೂತದ್ದು ಅದೇ ಮೊದಲು.

ಏನಾಗ್ತಿದೆ ಎಂದು ಕೇಳಿದಳು. ಎದೆ ಭಾರ ಎಂದೆ. ಯಾವಾಗಿನಿಂದ ಎಂದಳು. ಮಾರ್ಚಿನಿಂದ ಎಂದೆ. ಮಣಿಕಟ್ಟು ಹಿಡಿದು ನನ್ನ ಮುಖವನ್ನೇ ನೋಡಿದಳು. ಆ ನೋಟದ ಮುಂದೆ ಸುಳ್ಳು ಹೇಳಲು ಯಾರಿಗೂ ಆಗಲಿಕ್ಕಿಲ್ಲ. ಮನೆಯಲ್ಲಿ ಯಾರಿದ್ದಾರೆ ಎಂದು ಕೇಳಿದಳು, ಹೆಂಡತಿ ಎಂದೆ. ಅವ್ರಿಗೆ ಹೇಳಿದೀರಾ ಎಂದಳು. ಇಲ್ಲ ಎಂದೆ.

ಎದ್ದು ಕಪಾಟಿನ ಕಡೆ ಹೋದಳು. ನಾನು ನೆಲ ನೋಡುತ್ತಾ ಕೂತೆ, ಕೈ ಯಾವ ಸಾಲಿಗೆ ಹೋಯಿತೋ ನೋಡಲಿಲ್ಲ. ಕಾಗದ ಮಡಿಸುವ ಸದ್ದು ಮಾತ್ರ ಕೇಳಿಸಿತು. ಪೊಟ್ಟಣ ಕೈಗಿಟ್ಟು, ಬಿಸಿನೀರಿಗೆ ಹಾಕಿ ಕುಡೀರಿ ಎಂದಳು. ಆಮೇಲೆ ಧ್ವನಿ ತಗ್ಗಿಸಿದಳು.

"ಈ ಕಡೆ ಓಣಿ ಬಾಗಿಲಿಂದಲೇ ಹೋಗಿ. ನಮ್ಮನೆಯವ್ರು ಬರೋ ಹೊತ್ತು. ಅವ್ರು ದೊಡ್ಡಾಸ್ಪತ್ರೆ ಕಾಂಪೌಂಡರು. ಔಷಧಿ ತಗೊಂಡು ಹೋಗ್ತಿರೋದು ಕಂಡ್ರೆ ನಗ್ತಾರೆ."

"ನಕ್ಕರೆ ನಿಮಗೆ ಬೇಜಾರಾ?" ಎಂದು ಕೇಳಿದೆ.

"ನಾನೂ ಜೊತೇಲಿ ನಗ್ತೀನಿ" ಎಂದಳು. "ನಗದೆ ಇದ್ರೆ ಅವ್ರಿಗೆ ಗೊತ್ತಾಗ್ಬಿಡುತ್ತಲ್ಲ."

ಓಣಿ ಬಾಗಿಲಿಂದ ಹೊರಗೆ ಬಂದೆ. ಓಣಿ ದಾಟಿ, ಇಸ್ತ್ರಿ ಅಂಗಡಿಯ ಮೂಲೆ ತಿರುಗಿ, ಬೀದಿ ಸುತ್ತಿ, ಮುಂಬಾಗಿಲಿಗೆ ಬಂದೆ. ಅಷ್ಟು ದೂರ ನಡೆಯಲು ನನಗೆ ಬಹಳ ಹೊತ್ತು ಹಿಡಿಯಿತು. ಬಾಗಿಲು ತಳ್ಳಿದಾಗ ನಡುಮನೆಯಲ್ಲಿ ನಿಂತಿದ್ದಳು. "ಬಂದ್ರಾ? ಯಾಕಿಷ್ಟು ತಡ?" ಎಂದಳು. ಹನ್ನೊಂದು ದಿನದ ಮೇಲೆ ನನ್ನ ಗುರುತು ಸಿಕ್ಕಿತ್ತು. ಇವತ್ತು ಯಾರು ಬಂದಿದ್ದರು ಎಂದು ನಾನು ಕೇಳಲಿಲ್ಲ.

ನೀರು ಕಾಯಿಸಿದೆ. ಜೇಬಿನಿಂದ ಪೊಟ್ಟಣ ತೆಗೆದು ಲೋಟಕ್ಕೆ ಸುರಿದೆ. ಯಾವ ಪುಡಿಯೆಂದು ನೋಡಲಿಲ್ಲ, ಮೂಸಲಿಲ್ಲ. ತಂದು ಅವಳ ಎದುರಿಗೆ ಕೂತು ಕುಡಿಯತೊಡಗಿದೆ. ಅದೇನು ಕುಡೀತಿದೀರಿ ಎಂದಳು.

"ಔಷಧಿ. ಎದೆ ಭಾರ ಅಂತ ಹೋಗಿದ್ದೆ. ಇಲ್ಲೇ ಒಬ್ಬರು ಔಷಧಿಯಮ್ಮ ಇದಾರೆ, ಅವರು ಕೊಟ್ಟಿದ್ದು."

ನನ್ನ ಮುಖ ನೋಡುತ್ತಾ ಕೂತಳು. ತುಟಿಯ ಅಂಚಿನಲ್ಲಿ ಒಂದು ನಗು ತಯಾರಾಗಿ ನಿಂತಿತ್ತು, ನಾನು ನಕ್ಕ ತಕ್ಷಣ ನಗಲಿಕ್ಕೆ. ಆ ನಗುವನ್ನು ನಲವತ್ತು ವರ್ಷ ನೋಡಿದ್ದೇನೆ. ನಾನು ನಗಲಿಲ್ಲ. ಲೋಟ ಬರಿದಾಗುವವರೆಗೆ ಕುಡಿದೆ. ಅವಳ ತುಟಿ ಮೆಲ್ಲನೆ ಸಡಿಲವಾಯಿತು.

"ಮೂರು ದಿನ ಬಿಡದೆ ತಗೋಬೇಕು" ಎಂದಳು.